ಕೂರಿಗೆಯ ಬಟ್ಟಲಿನಿಂದ ರೊಟ್ಟಿಯ ಪರಾತಕ್ಕೆ

ಬಾಗಲಕೋಟೆಯ ನವನಗರದಲ್ಲಿ ಅಡುಗೆಮನೆಗೆ ಬೇಕಾದ ಮರದ ಸಾಮಾನುಗಳನ್ನು ಮಾಡಿ ಜೀವನ ಸಾಗಿಸುತ್ತಿರುವ ನಮ್ಮದು, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯೊಂದರ ಬಡಿಗೇರ ಮನೆತನ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆ ಅಣೆಕಟ್ಟಿನಲ್ಲಿ ಈಗ ಸಮುದ್ರ ಮಟ್ಟದಿಂದ 519.60 ಮೀಟರ್ ಎತ್ತರದವರೆಗೆ ನೀರು ನಿಲ್ಲುತ್ತದೆ. ಆ ನೀರಿನ ಕೆಳಗೆ ನಮ್ಮ ಮನೆಯಷ್ಟೇ ಅಲ್ಲ, ನಮ್ಮ ಆಯವೂ ಹೋಯಿತು. ವರ್ಷವಿಡೀ ರೈತರ ಕುಂಟೆ, ಬೀಜ ಬಿತ್ತುವ ಕೂರಿಗೆ, ಚಕ್ಕಡಿಗಳನ್ನು ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ತರುತ್ತಿದ್ದ ಸಂಬಂಧವದು. ಹೊಲಮನೆಗಳಿಗೆ ಪರಿಹಾರ ಬಂದಿತು. ಆಯದ ಮನೆಗಳು ಮಾತ್ರ ಬೇರೆ ಬೇರೆ ಪುನರ್ವಸತಿ ಕೇಂದ್ರಗಳಿಗೆ ಚದುರಿಹೋದವು. ಅಷ್ಟರಲ್ಲಿ ಟ್ರ್ಯಾಕ್ಟರ್ ಬಂದು ಕೂರಿಗೆಯನ್ನು ಕೇಳುವವರೇ ಕಡಿಮೆಯಾದರು.

ನಮ್ಮ ತಂದೆಯವರು ಕೂರಿಗೆಯ ಬಟ್ಟಲು ಕೆತ್ತುವುದರಲ್ಲಿ ಹೆಸರಾದವರು. ಬಿತ್ತುವವರು ಬಟ್ಟಲಿಗೆ ಬಿಟ್ಟ ಕಾಳು ಅದರ ತಳದ ತೂತುಗಳಲ್ಲಿ ಸಮನಾಗಿ ಹಂಚಿ ಬಿದಿರಿನ ನಳಿಕೆಗಳ ಮೂಲಕ ಸಾಲಿಗೆ ಇಳಿಯಬೇಕಾದರೆ, ಒಳಮೈಯಲ್ಲಿ ಒಂದು ಕಾಳು ತಡೆಯುವಷ್ಟು ಸಹ ಗೀರು ಇರಬಾರದು. ಉಳಿಯನ್ನು ಮರದ ಎಳೆಯ ದಿಕ್ಕಿಗೆ ತಿರುಗಿಸುತ್ತಾ ಗುಂಡಗೆ ತೋಡುವ ಆ ಕೈಚಳಕವೇ ನನಗೆ ಅಡುಗೆಮನೆಯ ದಾರಿಯನ್ನು ತೋರಿಸಿತು. ಕಾಳು ತಡೆಯದ ಒಳಮೈಗೆ ಹಿಟ್ಟೂ ಸುಲಭವಾಗಿ ಅಂಟುವುದಿಲ್ಲ. ಹೀಗಾಗಿ ನಾನು ಮೊದಲು ಕೈಹಾಕಿದ್ದು ಜೋಳದ ರೊಟ್ಟಿಯ ಹಿಟ್ಟು ನಾದುವ ಮರದ ಪರಾತಕ್ಕೆ. ಅಡುಗೆ ತಿರುವುವ ಹುಟ್ಟು, ಲಟ್ಟಣಿಗೆ, ಹೋಳಿಗೆಯ ಮಣೆ, ಬೇಸಿಗೆಯಲ್ಲಿ ಕೇಳಿ ಬರುವ ಶಾವಿಗೆ ಮಣೆ, ಇವೆಲ್ಲ ನಂತರ ಬಂದವು.

ಯಾವ ಸಾಮಾನಿಗೆ ಯಾವ ಮರ ಎಂಬುದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಪರಾತಕ್ಕೆ ಕುದಿಯುವ ಎಸರು ಬೀಳುತ್ತದೆ. ಬಿಸಿಯ ಏಟು ತಿಂದು ಮತ್ತೆ ಒಣಗುವ ಮರ ತಿರುಚಿಕೊಳ್ಳಬಾರದು. ಆದ್ದರಿಂದ ದಿಮ್ಮಿಯ ನಟ್ಟನಡುವಿನ ಭಾಗವನ್ನು ಬಿಟ್ಟು, ಅದರ ಪಕ್ಕದ ಗಟ್ಟಿ ಕೆಂಪು ಭಾಗದಿಂದ ಹಲಗೆ ತೆಗೆಯುತ್ತೇನೆ. ನಡುವಿನ ಭಾಗ ಒಳಗೆ ಸೇರಿದರೆ ಸೀಳು ಅಲ್ಲಿಂದಲೇ ಆರಂಭವಾಗುತ್ತದೆ. ಚಕ್ಕಡಿಯ ಗಾಲಿಗೆ ಬಳಸುತ್ತಿದ್ದ ಕರಿಜಾಲಿ ಲಟ್ಟಣಿಗೆಗೂ ಹುಟ್ಟಿಗೂ ಒಳ್ಳೆಯದು, ಆದರೆ ಅದರಲ್ಲಿ ಒಗರು ಇರುವುದರಿಂದ ಒದ್ದೆಯಾಗಿದ್ದಾಗ ಕಬ್ಬಿಣದ ಪಾತ್ರೆಯಲ್ಲಿ ಬಿಟ್ಟರೆ ಕಪ್ಪಾಗುತ್ತದೆ. ಹುಣಸೆ ತೂಕದ ಮರ. ಕತ್ತರಿಸುವ ಹಲಗೆಗೆ ಅದಕ್ಕಿಂತ ಗಟ್ಟಿಯಾದದ್ದು ನಮ್ಮ ಕಡೆ ಕಾಣೆ. ಬೇವಿನ ಹುಟ್ಟನ್ನು ಅನೇಕರು ಕೇಳುತ್ತಾರೆ. ಅದರ ವಾಸನೆ ಕೆಲವು ದಿನ ಉಳಿಯುತ್ತದೆ ಎಂದು ಮೊದಲೇ ಹೇಳಿ ಕೊಡುತ್ತೇನೆ. ಶಾವಿಗೆ ಮಣೆಗೆ ಎಳೆ ನೇರವಾಗಿರುವ ಸಾಗವಾನಿಯೇ ಆಗಬೇಕು, ಇಲ್ಲವಾದರೆ ಸಣ್ಣ ಗೆರೆಗಳನ್ನು ಕೊರೆಯುವಾಗ ಉಳಿ ಪಕ್ಕಕ್ಕೆ ಎಳೆಯುತ್ತದೆ.

ಹಸಿ ಮರದ ಒಡಲಲ್ಲಿ ಇರುವ ಪಿಷ್ಟವೇ ಹುಳುವಿಗೆ ಆಹಾರ. ಜಾಲಿಯ ದಿಮ್ಮಿಗಳನ್ನು ಕೆರೆಯಲ್ಲಿ ಮುಳುಗಿಸಿಡುವುದು ಹಿರಿಯರ ಪದ್ಧತಿಯಾಗಿತ್ತು. ಪಿಷ್ಟ ನೀರಿಗೆ ಬಿಟ್ಟುಹೋದ ಮರಕ್ಕೆ ಹುಳು ಹತ್ತುವುದು ಬಹಳ ಕಡಿಮೆ. ಕೆರೆ ಇಲ್ಲದ ನಾನು ಸಿಮೆಂಟಿನ ತೊಟ್ಟಿಯನ್ನು ಕಟ್ಟಿಸಿ, ನೀರು ಬದಲಿಸುತ್ತಾ ಅದನ್ನೇ ಮಾಡುತ್ತೇನೆ. ಬಳಿಕ ನೆರಳಿನಲ್ಲಿ, ನಡುನಡುವೆ ಪಟ್ಟಿ ಇಟ್ಟು ಹಲಗೆಗಳನ್ನು ಒಟ್ಟುತ್ತೇನೆ. ಮರದ ನೀರು ಮೈಗಿಂತ ತುದಿಗಳಿಂದ ಬೇಗ ಆರುವುದರಿಂದ, ಎರಡೂ ತುದಿಗಳಿಗೆ ಮೇಣ ಸವರದೆ ಹೋದರೆ ನಮ್ಮ ಏಪ್ರಿಲ್‌ನ ಗಾಳಿಗೆ ಅಲ್ಲಿ ಬಿರುಕು ಬಿಡುವುದು ನಿಶ್ಚಿತ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಕೊನೆಯ ಎಣ್ಣೆಗೆ. ಬಾಯಿಗೆ ಹೋಗುವ ಅನ್ನ ಮುಟ್ಟುವ ಮರಕ್ಕೆ ವಾರ್ನಿಶ್ ಬಳಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಸವೆದು ಚಕ್ಕೆಯಾಗಿ ಹಿಟ್ಟಿನಲ್ಲಿ ಸೇರುತ್ತದೆ. ಶೇಂಗಾ ಎಣ್ಣೆ ಒಣಗುವುದಿಲ್ಲ. ಜಿಗುಟಾಗಿ ಕಮಟು ಹಿಡಿಯುತ್ತದೆ. ಅಗಸಿ ಎಣ್ಣೆಯ ಗುಣ ಬೇರೆ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಮರದೊಳಗೇ ಗಟ್ಟಿಯಾಗುತ್ತದೆ. ನಮ್ಮ ಎರೆಭೂಮಿಯಲ್ಲಿ ಅಗಸಿ ಬೆಳೆಯುವವರು ಇರುವಾಗ ದೂರದಿಂದ ತರಿಸುವ ಅಗತ್ಯವೂ ಇಲ್ಲ. ಗಾಣದಿಂದ ತಂದ, ಊಟಕ್ಕೆ ಬಳಸುವ ಎಣ್ಣೆಯನ್ನೇ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ, ಪೂರ್ಣ ಒಣಗಿದ ಮೇಲೆ ಮತ್ತೆ ಸವರಬೇಕು. ಕೊನೆಗೆ ಸ್ವಲ್ಪ ಜೇನುಮೇಣ. ಬಣ್ಣದ ಅಂಗಡಿಗಳಲ್ಲಿ ಕುದಿಸಿದ ಅಗಸಿ ಎಣ್ಣೆ ಎಂದು ಮಾರುವುದರಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ, ಅದನ್ನು ಅಡುಗೆ ಸಾಮಾನಿಗೆ ಮುಟ್ಟಿಸಲೇಬಾರದು. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯುವುದೂ ಅಪಾಯ. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಕಾವಿಗೆ ಅದು ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿಡಬೇಕು, ಇಲ್ಲವೇ ನೀರಿನಲ್ಲಿ ನೆನೆಸಬೇಕು.

ನಮ್ಮ ಶೆಡ್ಡಿನಲ್ಲಿ ಈಗ ಕೆಲಸ ಮಾಡುವವರೆಲ್ಲ ಮುಳುಗಡೆಯ ಮನೆಗಳವರೇ. ಒಬ್ಬೊಬ್ಬರ ಊರಿನ ಹುಟ್ಟಿನ ಹಿಡಿ ಒಂದೊಂದು ರೀತಿ. ಅವುಗಳನ್ನು ಒಂದೇ ಅಳತೆಗೆ ತರಬೇಡಿರೆಂದು ನಾನೇ ಹೇಳಿದ್ದೇನೆ. ಮುಳುಗಿದವರ ಕೆಲಸ ಎಂಬ ಕನಿಕರಕ್ಕೆ ಒಂದು ಲಟ್ಟಣಿಗೆಯನ್ನು ಕೊಂಡವರು ಎರಡನೆಯದಕ್ಕೆ ಬರುವುದಿಲ್ಲ. ರೊಟ್ಟಿ ಬಡಿಯುವ ತಾಯಂದಿರು ಪರಾತದ ಅಂಚನ್ನು ಬೆರಳಿನಿಂದ ಸವರಿ ನೋಡಿ ಹೇಳುವ ಕೊರತೆಗಳೇ ನಮಗೆ ಬೇಕಾದದ್ದು.

2010ರ ಡಿಸೆಂಬರ್‌ನಲ್ಲಿ ಕೃಷ್ಣಾ ನದಿಯ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿಯು ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಅನುಮತಿ ನೀಡಿದೆ. ಆ ಮಟ್ಟಕ್ಕೆ ನೀರು ಏರಿದ ದಿನ ಇನ್ನೂ ಹಲವು ಬಡಿಗರು ಊರು ಬಿಡಬೇಕಾಗುತ್ತದೆ. ಅವರಿಗೆ ನನ್ನ ಕೋರಿಕೆ ಇಷ್ಟೇ: ಗಡಿಬಿಡಿಯಲ್ಲಿ ಒಣಗಿದ ಮರವನ್ನು ಸೌದೆಯ ಬೆಲೆಗೆ ಕೊಡಬೇಡಿರಿ. ನಮ್ಮ ತಂದೆಯವರು ಬಾಚಿ, ಉಳಿ, ಕೊಡತಿಗಳ ಜೊತೆಗೆ ಚಕ್ಕಡಿಯಲ್ಲಿ ಹೇರಿಕೊಂಡು ತಂದ ಜಾಲಿಯ ದಿಮ್ಮಿಗಳಿಂದಲೇ ನಮ್ಮ ಮೊದಲ ಲಟ್ಟಣಿಗೆಗಳು ತಯಾರಾದವು. ಹೊಸ ಊರಿನಲ್ಲಿ ಮರ ಕೊಂಡು, ನೆನೆಸಿ, ಒಣಗಿಸುವಷ್ಟು ಕಾಲ ಕಾಯಲು ಕೈಯಲ್ಲಿ ಹಣ ಇರುವುದಿಲ್ಲ. ಇಡಲು ಜಾಗವಿಲ್ಲದವರು ನಮ್ಮ ಶೆಡ್ಡಿಗೆ ತಂದಿಡಬಹುದು; ತುದಿಗೆ ಮೇಣ ಸವರಿ, ಹೆಸರು ಬರೆದು ಒಟ್ಟುವ ಕೆಲಸ ನಮ್ಮದು.