ಪ್ರಿಂಟ್ ಹಂಚಿ ಫೋಟೋ ಕಲ್ತದ್ದು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಸ್ಟುಡಿಯೋದವರು ಸೇರಿದಲ್ಲೆಲ್ಲ ಎರಡು ವರ್ಷ ನನ್ನದೇ ತಮಾಷೆ. ಅಡಿಕೆ ಸುಲಿಯುವವರಿಗೂ ಮೀನು ಮಾರುವವರಿಗೂ ಪುಕ್ಕಟೆ ಪ್ರಿಂಟ್ ಹಂಚ್ತಾನೆ, ದೂರದ್ದನ್ನು ಹತ್ರ ತೋರಿಸುವ ಟೆಲಿ ಲೆನ್ಸ್ ಮಾರಿ ಕಿಸೆಗೆ ಹಾಕುವ ಕ್ಯಾಮರಾ ತಗೊಂಡಿದ್ದಾನೆ, ಇವನಿಗೆ ಎಂತದೋ ಆಗಿದೆ ಅಂತ. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಯಾವ ಸೈಜ್, ಯಾವ ಪೇಪರ್ ಅಂತ ಕೇಳ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಬಾಯಿ ಬಚ್ಚಿತು, ಹಾಗಾಗಿ ಒಟ್ಟಿಗೇ ಬರೆದು ಬಿಡುವ ಅಂತ ಕೂತದ್ದು. ಲೆನ್ಸಿನ ಬಾಯಿ ಎಷ್ಟು ತೆರೀಬೇಕು ಅನ್ನುವ ಅಪರ್ಚರ್ (ಎಫ್ ನಂಬರು), ಸೆನ್ಸರ್ ಬೆಳಕನ್ನು ಎಷ್ಟು ಹಿಡೀಬೇಕು ಅನ್ನುವ ಐಎಸ್‌ಒ ಅಂತೆಲ್ಲ ಉದ್ದ ವಿವರಿಸುದಿಲ್ಲ, ಅದು ನಿಮಗೆಲ್ಲ ಗೊತ್ತುಂಟು.

ಮೊದಲು ನಾನೂ ಎಲ್ಲರ ಹಾಗೆಯೇ. 70-200ರ ಟೆಲಿ ಲೆನ್ಸ್ ಹಾಕಿ, ದೈವ ಕೆಂಡ ಹಾಯುವ ಒತ್ತೆಕೋಲಕ್ಕೆ ಹೋಗುದು, ಕೆಂಡದ ರಾಶಿಯ ಎದುರು ಮೂವತ್ತು ನಲವತ್ತು ಲೆನ್ಸುಗಳ ನಡುವೆ ಮೊಣಕೈ ತೂರಿಸುದು, ಬೆಳಿಗ್ಗೆ ಕಂಪ್ಯೂಟರಿಗೆ ಹಾಕಿ ನೋಡಿದ್ರೆ ನನ್ನ ಫೋಟೋವೂ ಪಕ್ಕದವನದ್ದೂ ಒಂದೇ, ವಾಟರ್‌ಮಾರ್ಕ್ ಅಳಿಸಿದ್ರೆ ಯಾರದ್ದು ಅಂತ ದೈವಕ್ಕೂ ಗೊತ್ತಾಗ್ಲಿಕ್ಕಿಲ್ಲ. ಯಕ್ಷಗಾನದ ಚೌಕಿಯಲ್ಲಿ ಕನ್ನಡಿ ಹಿಡ್ಕೊಂಡು ಬಣ್ಣ ಹಾಕುವ ವೇಷಧಾರಿಯ ಫೋಟೋ ನಮ್ಮಲ್ಲಿ ಯಾರ ಹತ್ರ ಇಲ್ಲ ಹೇಳಿ ನೋಡುವ? ನನ್ನ ಹಾರ್ಡ್ ಡಿಸ್ಕಿನಲ್ಲಿ ನೂರರ ಮೇಲೆ ಉಂಟು, ಒಂದಕ್ಕೂ ಯಾರೂ ಒಂದು ರೂಪಾಯಿ ಕೊಡ್ಲಿಲ್ಲ.

ಟೆಲಿ ಲೆನ್ಸ್ ಎಪ್ಪತ್ತು ಸಾವಿರದ ಆಸುಪಾಸಿಗೆ ಹೋಯ್ತು. ಅದರಲ್ಲಿ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ರಿಕೋ ಜಿಆರ್ 2 ತಗೊಂಡೆ, 28 ಎಂಎಂ ಲೆಕ್ಕದ ಫಿಕ್ಸ್ ಲೆನ್ಸ್, ಝೂಮ್ ಇಲ್ಲ. ಸ್ನ್ಯಾಪ್ ಫೋಕಸ್ (ಫೋಕಸನ್ನು ಮೊದಲೇ ಒಂದು ದೂರಕ್ಕೆ ಕಟ್ಟಿಡುದು) ಎರಡು ಮೀಟರಿಗೆ, ಎಫ್ 8, ಶಟರ್ ಸೆಕೆಂಡಿನ 500ರಲ್ಲಿ ಒಂದು, ಐಎಸ್‌ಒ ಆಟೋ, ಮೇಲೆ 3200ಕ್ಕೆ ಕಟ್ಟು. ಒಂದು ಮೀಟರಿಂದ ಆಚೆ ಇರುವುದೆಲ್ಲ ಸಾಕಷ್ಟು ಶಾರ್ಪ್ ಬರ್ತದೆ, ಫೋಕಸ್ ಆಗುವವರೆಗೆ ಕಾಯುವ ರಗಳೆಯೇ ಇಲ್ಲ. ಮಾರ್ಕೆಟಿನ ಕತ್ತಲೆ ಮೂಲೆಯಲ್ಲಿ ಎಫ್ 5.6, ಒಂದೂವರೆ ಮೀಟರ್, ಆಗ ಒಂದರಿಂದ ಮೂರು ಮೀಟರಿನ ಒಳಗೆ ಆಟ ಮುಗಿಸ್ಬೇಕು. ಎರಡು ಮೀಟರ್ ಎಷ್ಟು ಅಂತ ಕಾಲಿಗೆ ಗೊತ್ತಾಗ್ಲಿಕ್ಕೆ ತಿಂಗಳುಗಟ್ಟಲೆ ಬೇಕಾಯ್ತು, ಮನೆಯ ಜಗಲಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ನಡೆದದ್ದನ್ನು ನೋಡಿ ನಮ್ಮ ಮನೆಯವಳು ಯಾರಿಗೆಲ್ಲ ಹೇಳಿದ್ದಾಳೋ ಗೊತ್ತಿಲ್ಲ.

ಶುರು ಮಾಡಿದ್ದು ಕಾಸರಗೋಡಿನ ಮೀನು ಮಾರ್ಕೆಟಿನಲ್ಲಿ, ಅಲ್ಲಿ ಪೂರ್ತಿ ಮಣ್ಣು ಮುಕ್ಕಿದ್ದು. ಫ್ರಾನ್ಸಿನ ಫೋಟೋಗ್ರಾಫರ್ ಹೆನ್ರಿ ಕಾರ್ಟಿಯರ್ ಬ್ರೆಸನ್ ತನ್ನ ಲೈಕಾ ಕ್ಯಾಮರಾದ ಹೊಳೆಯುವ ಭಾಗಕ್ಕೆಲ್ಲ ಕಪ್ಪು ಟೇಪ್ ಸುತ್ತಿ ಯಾರ ಕಣ್ಣಿಗೂ ಬೀಳದ ಹಾಗೆ ಓಡಾಡ್ತಿದ್ದನಂತೆ, ಸರಿ, ಪ್ಯಾರಿಸಿನಲ್ಲಿ ಆಗ್ಬಹುದು. ಇಲ್ಲಿ ನೀವು ಒಳಗೆ ಕಾಲಿಡುವಾಗಲೇ ಮಲಯಾಳದಲ್ಲಿ, ತುಳುವಿನಲ್ಲಿ, ಕನ್ನಡದಲ್ಲಿ ಸುದ್ದಿ ಹಿಂದಿನ ಸಾಲಿನವರೆಗೆ ಮುಟ್ಟಿ ಆಗಿರ್ತದೆ. ಕ್ಯಾಮರಾ ಎತ್ತಿದ್ರೆ ಅರ್ಧ ಜನ ಸೆರಗು ಮುಖಕ್ಕೆ, ಉಳಿದರ್ಧ ಸಾಲಾಗಿ ನಿಂತು ಸ್ಟೈಲ್. ಒಬ್ಬರು ಬೂತಾಯಿ ಮೀನಿನ ಬುಟ್ಟಿಯ ನೀರನ್ನು ನನ್ನ ಕಾಲಿಗೇ ಚೆಲ್ಲಿದ್ರು, ಕೈ ಜಾರಿದ್ದು ಅಂತ ಅವರ ವಾದ.

ಅದಲ್ಲದೆ ಆ ನೀಲಿ ಟಾರ್ಪಾಲ್! ಮಳೆಗಾಲಕ್ಕೆ ಮೇಲೆ ಕಟ್ಟಿದ್ರೆ ಕೆಳಗಿನ ಬೆಳಕೆಲ್ಲ ನೀಲಿ, ಬಂಗುಡೆಯೂ ನೀಲಿ, ಮನುಷ್ಯರ ಮುಖ ಕಾಯಿಲೆ ಬಿದ್ದವರ ಹಾಗೆ. ಬೆಳಕಿನ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಮುಖಕ್ಕೆ ಸರಿ ಮಾಡಿದ್ರೆ ಹೊರಗಿನ ರಸ್ತೆ ಕಿತ್ತಳೆ ಆಗ್ತದೆ. ಕಡೆಗೆ ಬ್ಲ್ಯಾಕ್ ಆಂಡ್ ವೈಟ್ ಮಾಡಿದೆ, ಕಲೆ ಗಿಲೆ ಏನಿಲ್ಲ, ಟಾರ್ಪಾಲಿಂದ ತಪ್ಪಿಸಿಕೊಳ್ಳುವ ಉಪಾಯ ಅಷ್ಟೆ. ನಮ್ಮ ದೇಶದ ಫೋಟೋಗ್ರಾಫರ್ ರಘುಬೀರ್ ಸಿಂಗ್ ಜೀವಮಾನ ಪೂರ್ತಿ ಬಣ್ಣದಲ್ಲೇ ತೆಗೆದವರು, ಬಣ್ಣ ಬಿಟ್ಟು ಈ ದೇಶವನ್ನು ನೋಡುದು ಹೇಗೆ ಅಂತ ಅವರ ನಿಲುವು, ನನಗೂ ಒಳಗೊಳಗೆ ಹಾಗೆಯೇ ಅನ್ನಿಸುದು. ತೋಟದ ಫೋಟೋಗಳೆಲ್ಲ ಬಣ್ಣದಲ್ಲೇ ಇಟ್ಟಿದ್ದೇನೆ, ಅಂಗಳದಲ್ಲಿ ಒಣಗುವ ಅಡಿಕೆಯ ಆ ಕೇಸರಿ ಬಿಟ್ಟರೆ ಮತ್ತೆ ಉಳಿಯುವುದೆಂತ?

ಪ್ರಿಂಟಿನ ವಿಷಯಕ್ಕೆ ಬರ್ತೇನೆ. ಮೀನಿನವರನ್ನು ಸಮಾಧಾನ ಮಾಡ್ಲಿಕ್ಕೆ ಅಂತ ಸ್ಟುಡಿಯೋದ ಇಂಕ್‌ಜೆಟ್ಟಿನಲ್ಲಿ ಹತ್ತಿಪ್ಪತ್ತು ಪ್ರಿಂಟ್ ತೆಗೆದು ಕೊಂಡುಹೋದೆ. ಒದ್ದೆ ಕೈಯಲ್ಲಿ ಹಿಡಿದದ್ದೇ ಮುಖವೆಲ್ಲ ಹರಿದು ನೀರಾಯ್ತು, ಮಾರ್ಕೆಟ್ ಪೂರ್ತಿ ನಗೆ. ಆದ್ರೆ ಆ ನಗೆಯಲ್ಲೇ ನಾನು ಒಳಗೆ ಸೇರಿದ್ದು, ಇಂಕ್‌ಜೆಟ್ಟಿಗೆ ಅಷ್ಟು ಉಪಕಾರ ಉಂಟು. ಆಮೇಲೆ ಪಾಸ್‌ಪೋರ್ಟ್ ಫೋಟೋ ತೆಗೆಯುವ ಡೈ-ಸಬ್ (ಬಿಸಿಯಿಂದ ಪೇಪರಿಗೆ ಬಣ್ಣ ಇಳಿಸುವ) ಪ್ರಿಂಟರಿನಲ್ಲಿ 4×6 ಇಂಚು, ಮೇಲೆ ಅದೇ ಒಂದು ಲೇಯರ್ ಕೋಟಿಂಗ್ ಹಾಕ್ತದೆ, ಮೀನಿನ ನೀರಿಗೆ ಜಗ್ಗುದಿಲ್ಲ. ಒಂದಕ್ಕೆ ಒಂಬತ್ತು ಹತ್ತು ರೂಪಾಯಿ ಬೀಳ್ತದೆ. ಮಳೆಗಾಲದಲ್ಲಿ ಪ್ರಿಂಟಿಗೆ ಪ್ರಿಂಟ್ ಅಂಟದ ಹಾಗೆ ನಡುವೆ ನಾನು ಇಡುವ ಒಂದು ವಸ್ತು ಉಂಟು, ಅದನ್ನು ಇಲ್ಲಿ ಬರೆಯುದಿಲ್ಲ. ಹಾಗೆಯೇ ಹೊಸ ಜಾಗಕ್ಕೆ ಹೋದ ಮೊದಲ ಐದು ನಿಮಿಷ ನಾನು ಎಂತ ಮಾಡುದು ಅನ್ನುದನ್ನೂ. ಎಲ್ಲ ಹೇಳಿದ್ರೆ ನಾಳೆ ನೀವೇ ಅಲ್ಲಿ ನಿಂತಿರ್ತೀರಿ.

ಪ್ರಿಂಟ್ ಕೊಡುದು ಪುಣ್ಯಕ್ಕೆ, ಉಪಕಾರಕ್ಕೆ ಅಂತ ನೀವೆಲ್ಲ ತಿಳ್ಕೊಂಡದ್ದು. ನಾನು ಕೊಡುದು ನನ್ನ ಲಾಭಕ್ಕೆ. ಅಡಿಕೆ ಸುಲಿಯುವಲ್ಲಿಗೆ ಮೊದಲ ಸಲ ಪ್ರಿಂಟ್ ಕೊಂಡುಹೋದಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದು ಮುಖದ ಫೋಟೋ, ಒಬ್ಬರು ಅಜ್ಜ, ಬದಿಯಿಂದ ಬೆಳಕು, ಸುಕ್ಕುಗಳು, ಸ್ಪರ್ಧೆಗೆ ಕಳಿಸಿದ್ರೆ ಬಹುಮಾನ ಗ್ಯಾರಂಟಿ ಅನ್ನುವಂತದ್ದು. ಯಾರೂ ಅದನ್ನು ಎರಡನೇ ಸಲ ನೋಡ್ಲಿಲ್ಲ. ಎಲ್ಲರೂ ಹಿಡ್ಕೊಂಡು ಮಾತಾಡಿದ್ದು ನಾನು ಸುಮ್ಮನೆ ಕ್ಲಿಕ್ಕಿಸಿದ ಒಂದರ ಬಗ್ಗೆ, ಅದರಲ್ಲಿ ಮುಖವೇ ಸರಿ ಇಲ್ಲ, ಐದಾರು ಜನರ ಕೈ, ಕತ್ತಿ, ಸಿಪ್ಪೆಯ ರಾಶಿ. ಇವನ ರಾಶಿ ಸಣ್ಣದು, ಬೆಳಿಗ್ಗೆ ತಡವಾಗಿ ಬಂದ ದಿನ ಇದು. ಇವಳು ಕತ್ತಿ ಓರೆ ಹಿಡಿದದ್ದು ನೋಡು, ಹೆಬ್ಬೆರಳು ಕೊಯ್ದುಕೊಂಡ ವಾರ. ಯಜಮಾನರ ಕಾಲು ಮಾತ್ರ ಕಾಣ್ತದೆ, ತೂಕ ಹಾಕ್ಲಿಕ್ಕೆ ಬಂದು ನಿಂತದ್ದು, ಹಾಗಾಗಿ ಯಾರೂ ಮಾತಾಡ್ತಾ ಇಲ್ಲ ನೋಡು ಅಂತ. ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವವರಿಗೆ ರಾಶಿಯೇ ಮುಖ. ನಾನು ವರ್ಷಗಟ್ಟಲೆ ಕ್ಯಾಮರಾ ಹಿಡಿದು ಕಾಣದ್ದನ್ನು ಅವರು ಬೀಡಿ ಸೇದಿ ಮುಗಿಸುವುದರೊಳಗೆ ಓದಿ ಹೇಳಿದ್ರು.

ಆ ಮೇಲೆ ನಾನು ಪ್ರಿಂಟ್ ಕೊಡುವಾಗ ಸುಮ್ಮನೆ ಕೂತು ಕೇಳುದು. ಯಾವುದನ್ನು ಬೇಗ ಮಡಚಿ ಕಿಸೆಗೆ ಹಾಕಿದ್ರು, ಯಾವುದು ಕೈಯಿಂದ ಕೈಗೆ ಹೋಯ್ತು, ಯಾವುದಕ್ಕೆ ಜಗಳ ಆಯ್ತು. ಜಗಳ ಆದ ಫೋಟೋದಲ್ಲಿ ಎಂತದೋ ಉಂಟು ಅಂತ ಅರ್ಥ. ಮುಂದಿನ ಸಲ ಹೋಗುವಾಗ ಅದರ ಹಿಂದೆ ಹೋಗುದು. ಮೂರು ನಾಲ್ಕು ಸುತ್ತು ಪ್ರಿಂಟ್ ಆದ ಮೇಲೆ ಸ್ಟೈಲ್ ಕೊಡುದು ತನ್ನಷ್ಟಕ್ಕೇ ನಿಲ್ತದೆ, ಯಾಕಂದ್ರೆ ಸ್ಟೈಲಿನ ಫೋಟೋ ಅವರ ಹತ್ರ ಆಗಲೇ ಉಂಟಲ್ಲ, ಇನ್ನೊಂದು ಯಾಕೆ? ಇದು ಗಂಟೆಗೆ ಐನೂರು ಕ್ಲಿಕ್ ಮಾಡುವವರಿಗೆ ಅರ್ಥ ಆಗುದು ಕಷ್ಟ.

ಸುರಂಗದ ಕಥೆ ಹೇಳ್ಲೇಬೇಕು. ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆಯುವ ನೀರಿನ ಸುರಂಗಗಳು ನಿಮಗೆ ಗೊತ್ತೇ ಉಂಟು, ಒಬ್ಬ ಬಗ್ಗಿ ನಡೆಯುವಷ್ಟು ಅಗಲ. ಒಳಗೆ ಗಾಳಿ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಕೊರೆಯುವವರು ಮೇಣದ ಬತ್ತಿ ಇಟ್ಕೊಳ್ತಾರೆ, ಬತ್ತಿ ನಂದಿದ್ರೆ ಹೊರಗೆ ಓಡುದು. ಆ ಒಂದೇ ಬತ್ತಿಯ ಬೆಳಕಿನಲ್ಲಿ ಎಫ್ 2.8, ಶಟರ್ ಸೆಕೆಂಡಿನ ಹದಿನೈದರಲ್ಲಿ ಒಂದು, ಐಎಸ್‌ಒ 3200, ಗೋಡೆಗೆ ಬೆನ್ನು ಒತ್ತಿ ಉಸಿರು ಹಿಡಿದು ತೆಗೆದದ್ದು. ಹೆಚ್ಚಿನದೆಲ್ಲ ಶೇಕ್, ಲೆನ್ಸಿಗೆ ಮಂಜು ಬೇರೆ. ಫ್ಲ್ಯಾಶ್ ಹಾಕಿ ನೋಡಿದೆ, ಕೆಂಪು ಮಣ್ಣಿನ ಗೋಡೆ ಪ್ಲಾಸ್ಟಿಕಿನ ಹಾಗೆ ಬಂತು, ಡಿಲೀಟ್. ಉಳಿದ ಒಂದು ಫೋಟೋದ ಪ್ರಿಂಟನ್ನು ಕೊರೆದವರಿಗೆ ಕೊಟ್ಟರೆ ಅವರು ತನ್ನ ಮುಖ ನೋಡುದು ಬಿಟ್ಟು ಹಿಂದಿನ ಗೋಡೆ ನೋಡಿ, ಇಲ್ಲಿಂದ ಆಚೆ ಪಿಕ್ಕಾಸಿನ ಗೆರೆ ನನ್ನದಲ್ಲ, ನನ್ನ ಜೊತೆ ಇದ್ದವನು ಎಡಗೈಯವ, ಅವನದ್ದು ಅಂದ್ರು. ಗೆರೆ ಬೇರೆ ದಿಕ್ಕಿಗೆ ವಾಲಿದೆ, ನೋಡಿದ್ರೆ ಹೌದು! ಎರಡನೇ ಸಲ ಹೋಗಿ ಬರೀ ಗೋಡೆಯನ್ನೇ ತೆಗೆದೆ, ನನ್ನ ಕೆಲಸದಲ್ಲಿ ನನಗೆ ತುಂಬ ಇಷ್ಟ ಆದದ್ದು ಅದೇ.

ನಡುವೆ ಹುಚ್ಚಾಟಗಳೂ ಆಗಿವೆ. ಅಪ್ಪನ ಕಾಲದ ಫಿಲ್ಮ್ ಕ್ಯಾಮರಾ ತೆಗೆದು ಎಚ್‌ಪಿ5 ಅನ್ನುವ ಬ್ಲ್ಯಾಕ್ ಆಂಡ್ ವೈಟ್ ರೋಲ್ ಹಾಕಿ ನಾನೇ ಡೆವಲಪ್ ಮಾಡಿದೆ. ಡೆವಲಪ್ ಮಾಡುವ ಸಮಯದ ಪಟ್ಟಿ ಎಲ್ಲ 20 ಡಿಗ್ರಿಯ ನೀರಿಗೆ ಕೊಡುದು, ನಮ್ಮ ಬಾವಿಯ ನೀರೇ 27ರ ಹತ್ರ, ಐಸ್ ಹಾಕಿ ಇಳಿಸುವಷ್ಟರಲ್ಲಿ ತಲೆ ಕೆಡ್ತದೆ. ರೋಲಿಗೆ ಸಾವಿರದ ಹತ್ರ, ಕೆಮಿಕಲ್ ಬೇರೆ, ನಾಲ್ಕೈದು ರೋಲಿಗೆ ನಿಲ್ಲಿಸಿದೆ. ಮತ್ತೆ ಅಡಿಕೆಗೆ ಮದ್ದು ಬಿಡುವ ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿಯ ತುದಿಗೆ ಹಳೆ ಆಕ್ಷನ್ ಕ್ಯಾಮರಾ ಕಟ್ಟಿ ಮರದ ತಲೆಯಿಂದ ಕೆಳಗೆ ತೆಗೆದೆ, ತೋಟವೆಲ್ಲ ಉಂಡೆಯಾಗಿ ಬಂತು, ಕ್ಯಾಮರಾಕ್ಕೆ ಬೋರ್ಡೋ ಮದ್ದಿನ ಅಭಿಷೇಕ ಪುಕ್ಕಟೆ. ದೋಟಿಯವ ಇವತ್ತಿಗೂ ಕೇಳ್ತಾನೆ, ಮುಂದಿನ ಪ್ರಯೋಗ ಯಾವಾಗ ಅಂತ.

ಒಂದು ಕಡೆ ಮಾತ್ರ ಕ್ಯಾಮರಾ ತೆಗೆಯಲೇ ಇಲ್ಲ. ಎಣ್ಮಕಜೆಯ ಕೆಲವು ಮನೆಗಳಲ್ಲಿ ಕ್ಯಾಮರಾದ ಬ್ಯಾಗ್ ಕಂಡ್ರೇ ಬಾಗಿಲು ಹಾಕ್ತಾರೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದ ಹೊತ್ತಿಗೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು, ಈ ನಡುವೆ ಎಲ್ಲೆಲ್ಲಿಂದಲೋ ಫೋಟೋದವರು ಬಂದು ಕಾಯಿಲೆ ಬಿದ್ದ ಮಕ್ಕಳ ಫೋಟೋ ತೆಗೆದುಕೊಂಡು ಹೋದ್ರು. ಆ ಫೋಟೋಗಳಿಂದ ಉಪಯೋಗ ಆಗಿದೆ, ಇಲ್ಲ ಅನ್ನುದಿಲ್ಲ, ಆದ್ರೆ ಒಬ್ಬ ತಾಯಿ ನನ್ನತ್ರ ಕೇಳಿದ್ದು, ಇಷ್ಟು ಜನ ತೆಗೆದ್ರಲ್ಲ, ನಮ್ಮ ಹತ್ರ ಮಗನದ್ದು ಒಂದು ಫೋಟೋ ಉಂಟಾ? ಅಮೆರಿಕದ ಫೋಟೋಗ್ರಾಫರ್ ಯೂಜೀನ್ ಸ್ಮಿತ್ 1971ರಲ್ಲಿ ಹೆಂಡತಿಯನ್ನು ಕರ್ಕೊಂಡು ಜಪಾನಿನ ಮಿನಮಾಟಕ್ಕೆ ಹೋದವ ಮೂರು ವರ್ಷ ಅಲ್ಲೇ ಮನೆ ಮಾಡಿ ಕೂತ, ಪಾದರಸದ ವಿಷ ತಿಂದ ಊರಿನ ನಡುವೆಯೇ. ಹಾಗೆ ಕೂರ್ಲಿಕ್ಕೆ ಆಗುದಾದ್ರೆ ತೆಗೆಯಿರಿ. ನಾನು ಆ ಮನೆಗೆ ಆಮೇಲೆ ಹೋದದ್ದು ಅವರದ್ದೇ ಹಳೆಯ ಹರಿದ ಒಂದು ಫೋಟೋ ರಿಪೇರಿ ಮಾಡಿ ಕೊಡ್ಲಿಕ್ಕೆ ಮಾತ್ರ.

ಆರಿಸುವ ವಿಷಯದಲ್ಲಿ ನನ್ನ ರೂಲ್: ತೆಗೆದ ದಿನ ನೋಡುದಿಲ್ಲ. ಅಮೆರಿಕದವನೇ ಇನ್ನೊಬ್ಬ ಫೋಟೋಗ್ರಾಫರ್ ಗ್ಯಾರಿ ವಿನೊಗ್ರಾಂಡ್ ತೆಗೆದ ರೋಲನ್ನು ವರ್ಷಗಟ್ಟಲೆ ತೊಳೆಯದೆ ಇಡ್ತಿದ್ದ, ತೆಗೆಯುವಾಗಿನ ಖುಷಿ ಆರಿದ ಮೇಲೆ ಫೋಟೋ ನೋಡ್ಬೇಕು ಅಂತ, 1984ರಲ್ಲಿ ತೀರಿಕೊಂಡಾಗ ಎರಡು ಸಾವಿರಕ್ಕಿಂತ ಮೇಲೆ ರೋಲು ಹಾಗೆಯೇ ಬಿದ್ದಿತ್ತು. ಅಷ್ಟೆಲ್ಲ ಬೇಡ, ನನಗೆ ಒಂದು ತಿಂಗಳು ಸಾಕು. ಪ್ರಿಂಟ್ ಹಂಚುದು ಆ ತಿಂಗಳ ನಂತರ.

ದುಡ್ಡು. ವರ್ಷಕ್ಕೆ ಪ್ರಿಂಟಿಗೆ ಹದಿಮೂರು ಹದಿನಾಲ್ಕು ಸಾವಿರ ಹೋಗಿದೆ, ಬಸ್ಸು ಚಾಯ ಸೇರಿದ್ರೆ ಇಪ್ಪತ್ತು ದಾಟ್ಬಹುದು. ಮೊದಲ ವರ್ಷ ಬಂದದ್ದು ಸೊನ್ನೆ. ಒಂದು ಪತ್ರಿಕೆಯವರು ಫೋಟೋ ತಗೊಂಡು ಹೆಸರೂ ಹಾಕ್ಲಿಲ್ಲ, ದುಡ್ಡೂ ಇಲ್ಲ, ಕೇಳಿದ್ರೆ ಪ್ರಚಾರ ಸಿಕ್ಕಿತಲ್ಲ ಅಂದ್ರು. ಎರಡನೇ ವರ್ಷ ಇನ್ನೊಬ್ಬರು ಎಂಟು ಫೋಟೋಕ್ಕೆ ಆರು ಸಾವಿರ ಕೊಟ್ರು. ಆಮೇಲೆ ಹಳೆ ಮನೆಯೊಂದನ್ನು ಹೋಮ್‌ಸ್ಟೇ ಮಾಡಿದವರು ತೋಟದ ಫೋಟೋಗಳನ್ನು 16×24ಕ್ಕೆ ತೆಗೆಸಿ ಗೋಡೆಗೆ ಹಾಕಿದ್ರು, ನಲವತ್ತು ಸಾವಿರದ ಹತ್ರ ಬಂತು. 16 ಮೆಗಾಪಿಕ್ಸೆಲಿನಲ್ಲಿ ಅಷ್ಟು ದೊಡ್ಡ ಪ್ರಿಂಟ್ ಆಗುದಿಲ್ಲ ಅಂದವರು ಹೋಗಿ ನೋಡಿ ಬರ್ಲಿ. ದೊಡ್ಡ ಸಂಪಾದನೆ ಅಂದ್ರೆ ಅಡಿಕೆ ಸುಲಿಯುವ ಅದೇ ಮನೆಯ ಯಜಮಾನರು, ಯಾರ ಕಾಲು ಮಾತ್ರ ಫೋಟೋದಲ್ಲಿ ಇತ್ತೋ ಅವರೇ, ಮಗಳ ಮದುವೆಗೆ ನನ್ನನ್ನೇ ಕರೆದದ್ದು. ಸ್ಟೇಜಿಗೆ ಲೈಟ್ ಬೇಡ, ಡ್ರೋನ್ ಬೇಡ, ಕೆಲಸದವರನ್ನು ತೆಗೆದ ಹಾಗೆ ನಮ್ಮನ್ನೂ ತೆಗೀರಿ ಅಂದ್ರು. ಒಂದು ಲಕ್ಷದ ಮೇಲೆ ಹೇಳಿದೆ, ಚೌಕಾಶಿಯೇ ಇಲ್ಲ. ನೀವು ಆ ಸೀಸನಿನಲ್ಲಿ ಅರುವತ್ತು ಸಾವಿರಕ್ಕೆ ಡ್ರೋನ್ ಸಮೇತ ಒಪ್ಪಿಕೊಂಡದ್ದು ನನಗೆ ಗೊತ್ತುಂಟು.

ಖರ್ಚಿನಲ್ಲಿ ಒಂದು ಬಿಟ್ಟುಹೋಯ್ತು, ಸೆನ್ಸರಿಗೆ ಧೂಳು. ಈ ಕ್ಯಾಮರಾದಲ್ಲಿ ಲೆನ್ಸ್ ಕಳಚ್ಲಿಕ್ಕೆ ಇಲ್ಲ, ಒಳಗೆ ಧೂಳು ಹೊಕ್ಕಿದ್ರೆ ಪೂರ್ತಿ ಬಿಚ್ಚಲೇಬೇಕು. ಅಡಿಕೆ ಸಿಪ್ಪೆಯ ಧೂಳಿನಲ್ಲಿ ಕಿಸೆಗೆ ಹಾಕಿ ತೆಗೆದು ಮಾಡಿದ್ರೆ ಆಕಾಶದಲ್ಲಿ ಚುಕ್ಕಿ ಬರುದೇ. ಎರಡು ಸಲ ಬಿಚ್ಚಿಸಿದ್ದು, ಒಂದೊಂದಕ್ಕೆ ಎರಡೂವರೆ ಮೂರು ಸಾವಿರ. ಈಗ ಝಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇಡುದು. ಜಡಿಮಳೆಯ ಆಟಿಯ ತಿಂಗಳಲ್ಲಿ ಲೆನ್ಸಿನ ಫಂಗಸ್ಸಿಗೆ ಅಕ್ಕಿ ಡಬ್ಬ, ಬಲ್ಬ್ ಎಲ್ಲ ಮಾಡಿ ನೋಡಿದೆ, ಅಕ್ಕಿಗೆ ಹುಳ ಬಂತು, ಫಂಗಸ್ ಹೋಗ್ಲಿಲ್ಲ. ಸಿಲಿಕಾ ಜೆಲ್ಲನ್ನು ಬಾಣಲೆಯಲ್ಲಿ ಹುರಿದು ಹುರಿದು ಹಾಕುದೇ ಸದ್ಯಕ್ಕೆ.

ಮುಂದಿನದ್ದು ಟ್ರಾಲಿಂಗ್ ಬಂದ್ ಆಗುವ ಸಮಯದ್ದು, ಜೂನ್ ಒಂಬತ್ತರ ಮಧ್ಯರಾತ್ರಿಯಿಂದ ಜುಲೈ ಕೊನೆಯವರೆಗೆ 52 ದಿನ ಬಲೆ ಎಳೆಯುವ ಟ್ರಾಲಿಂಗ್ ಬೋಟುಗಳೆಲ್ಲ ದಡದಲ್ಲಿ, ಬಲೆ ರಿಪೇರಿ, ಇಂಜಿನ್ ಬಿಚ್ಚುದು, ಸಾಲದ ಮಾತು. ಮೀನು ಇಲ್ಲದ ಮೀನಿನವರ ಫೋಟೋ ಯಾರೂ ಸರಿಯಾಗಿ ತೆಗೆದದ್ದು ನಾನು ನೋಡ್ಲಿಲ್ಲ. ಮಾರ್ಕೆಟಿನವರು ಆಗಲೇ ಹೇಳಿಬಿಟ್ಟಿದ್ದಾರೆ, ಈ ಸಲ 4×6 ಸಾಲ್ದು, ಗೋಡೆಗೆ ಹಾಕುವ ಸೈಜ್ ಬೇಕು ಅಂತ. ಪೇಪರ್ ರೋಲಿನ ರೇಟ್ ಬೇರೆ ಏರಿದೆ. ಮಂಗಳೂರಿಂದ ತರಿಸುವವರು ಯಾರಾದ್ರೂ ಇದ್ರೆ ಒಟ್ಟಿಗೆ ಆರ್ಡರ್ ಹಾಕುವ, ಒಂದು ಬಾಕ್ಸ್ ನನಗೆ ಇರ್ಲಿ. ಮತ್ತೆ ಯಾರ ಹತ್ರ ಆದ್ರೂ ಕ್ಯಾಮರಾಕ್ಕೆ ತೇವ ತಾಗದ ಹಾಗೆ ಇಡುವ ಹಳೆ ಡ್ರೈ ಕ್ಯಾಬಿನೆಟ್ ಸುಮ್ಮನೆ ಬಿದ್ದಿದ್ರೆ ಹೇಳಿ, 30 ಲೀಟರಿಂದು ಸಾಕು, ಮಳೆ ಹಿಡಿಯುವ ಮೊದಲು ಬಂದು ಕೊಂಡುಹೋಗ್ತೇನೆ.