ಕೆರೆಯಲ್ಲಿ ಕಂಡದ್ದು ಯಾವ ನೀರುಕಾಗೆ?

ಕೆರೆ ನಡುವಿನ ಒಣ ಜಾಲಿಮರದಲ್ಲಿ ಕಪ್ಪು ಹಕ್ಕಿಯೊಂದು ರೆಕ್ಕೆ ಹರಡಿಕೊಂಡು ಕೂತಿದ್ದರೆ, ಅದು ಯಾವ ನೀರುಕಾಗೆ ಎಂದು ತಿಳಿಯಲು ನಾನು ಮೊದಲು ನೋಡುವುದು ಕೊಕ್ಕು ಮತ್ತು ಹಣೆ. ಪಕ್ಕದಲ್ಲಿ ಬೆಳ್ಳಕ್ಕಿಯಂಥ ಪರಿಚಿತ ಹಕ್ಕಿ ಇಲ್ಲದಿದ್ದರೆ ನೀರಿನ ಮೇಲೆ ಗಾತ್ರದ ಅಂದಾಜು ಕೈಕೊಡುತ್ತದೆ.

ಪುಟ್ಟ ನೀರುಕಾಗೆ ಸುಮಾರು 50 ಸೆಂ.ಮೀ. ಉದ್ದ. ಕೊಕ್ಕು ಮೋಟು, ತುಸು ದಪ್ಪ. ಹಣೆ ಕೊಕ್ಕಿನ ಬುಡದಿಂದಲೇ ನೆಟ್ಟಗೆ ಏಳುವುದರಿಂದ ತಲೆ ಗುಂಡಗೆ ಕಾಣುತ್ತದೆ. ಭಾರತೀಯ ನೀರುಕಾಗೆ 63 ಸೆಂ.ಮೀ. ಆಸುಪಾಸು, ಸಪೂರ ನೀಳ ಕೊಕ್ಕು, ಇಳಿಜಾರು ಹಣೆ, ನೀಲಿ-ಹಸಿರು ಕಣ್ಣು. ದೊಡ್ಡ ನೀರುಕಾಗೆಯದು 80 ಸೆಂ.ಮೀ. ಮೀರಿದ ದಪ್ಪ ಮೈ. ಗಂಟಲ ಬಳಿ ಹಳದಿ ಚರ್ಮ, ಮರಿ ಮಾಡುವ ಕಾಲದಲ್ಲಿ ತೊಡೆಯ ಮೇಲೆ ಬಿಳಿ ಮಚ್ಚೆ. ಕೊಕ್ಕು ಭರ್ಜಿಯಂತೆ ಚೂಪಾಗಿದ್ದು ತುದಿ ಬಾಗಿರದಿದ್ದರೆ ಅದು ನೀರುಕಾಗೆಯಲ್ಲ, ಹಾವಕ್ಕಿ.

ಬಣ್ಣ ನಂಬಿದರೆ ಕೆಟ್ಟಿರಿ. ಪುಟ್ಟ ನೀರುಕಾಗೆ ಮರಿ ಮಾಡುವಾಗ ಮಿರಮಿರ ಕಪ್ಪು, ತಲೆಯ ಪಕ್ಕದಲ್ಲಿ ನಾಲ್ಕಾರು ಬಿಳಿ ಎಳೆ. ಉಳಿದ ಕಾಲದಲ್ಲಿ ಮೈ ಕಂದು, ಗಂಟಲು ಬೆಳ್ಳಗೆ. ಹೊಸಬರು ಇವೆರಡನ್ನೂ ಬೇರೆ ಬೇರೆ ಜಾತಿ ಎಂದು ಬರೆದುಕೊಳ್ಳುತ್ತಾರೆ. ಎದುರು ಬಿಸಿಲಲ್ಲಂತೂ ಎಲ್ಲವೂ ಕಪ್ಪೇ; ಅದಕ್ಕೇ ಬೆಳಿಗ್ಗೆ ಪೂರ್ವದ ಏರಿಯ ಮೇಲೆ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ಬೈನಾಕ್ಯುಲರ್ ಸಾಕು.

ನೀರುಕಾಗೆ ಈಜುವಾಗ ಮೈ ಬಹುಪಾಲು ಮುಳುಗಿ ಕತ್ತು ಮಾತ್ರ ಮೇಲಿರುತ್ತದೆ. ಹೊರಗರಿಗಳು ನೀರು ಹೀರುವುದರಿಂದ ಮೈ ತೇಲುವುದು ಕಡಿಮೆ, ಮುಳುಗುವುದು ಸಲೀಸು. ಅದರ ಬೆಲೆಯೇ ಆಮೇಲಿನ ರೆಕ್ಕೆ ಒಣಗಿಸುವ ಕೆಲಸ. ನೀರಿನೊಳಗೆ ತಳ್ಳುವುದು ಕಾಲು. ನಾಲ್ಕೂ ಬೆರಳುಗಳನ್ನು ಒಂದೇ ಜಾಲಪೊರೆ ಕೂಡಿಸಿರುತ್ತದೆ. ಹಿಡಿದ ಜಿಲೇಬಿ ಮೀನು (ತಿಲಾಪಿಯಾ) ಕೊಕ್ಕಿನಲ್ಲಿ ಅಡ್ಡಡ್ಡ ಸಿಕ್ಕಿದ್ದರೆ ಮೇಲೆ ಬಂದು, ಚಿಮ್ಮಿಸಿ, ತಲೆ ಒಳಗೆ ಹೋಗುವಂತೆ ತಿರುಗಿಸಿ ನುಂಗುತ್ತದೆ. ಬಾಲದ ಕಡೆಯಿಂದ ನುಂಗಿದರೆ ಬೆನ್ನ ಮುಳ್ಳುಗಳು ಸೆಟೆದು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಈ ಒದ್ದಾಟದ ನಡುವೆಯೇ ಪಕ್ಕದ ಹಕ್ಕಿ ಕಸಿಯಲು ನುಗ್ಗುವುದು.

ಪುಟ್ಟ ನೀರುಕಾಗೆ ಹೆಚ್ಚಾಗಿ ಒಂಟಿಯಾಗಿಯೋ ಚದುರಿದಂತೆಯೋ ಬೇಟೆಯಾಡುತ್ತದೆ. ಸಾಲುಗಟ್ಟಿ ಮೀನು ಅಟ್ಟುತ್ತಿರುವ ಗುಂಪು ಕಂಡರೆ ಅದು ಭಾರತೀಯ ನೀರುಕಾಗೆಯೇ ಎಂದು ಮೊದಲು ಪರೀಕ್ಷಿಸುತ್ತೇನೆ.

ಎಣಿಕೆಯಲ್ಲಿ ತಪ್ಪುವುದು ಮುಳುಗಿದವುಗಳಿಂದ. ಒಂದೇ ಜಾಗದಿಂದ ಮೂರು ಸಲ ಎಣಿಸಿ ಹೆಚ್ಚಿನ ಸಂಖ್ಯೆ ಬರೆದುಕೊಳ್ಳಿ. ಸಂಜೆ ತಂಗುವ ಮರಕ್ಕೆ ಬರುವಾಗ ಎಣಿಸಿದರೆ ಇನ್ನೂ ಒಳ್ಳೆಯದು. ಗೂಡಿರುವ ಮರದ ಬುಡಕ್ಕೆ ಮಾತ್ರ ಹೋಗಬೇಡಿ. ತಂದೆ-ತಾಯಿ ಹಕ್ಕಿಗಳು ಗೂಡು ಬಿಟ್ಟು ಎದ್ದ ಕೂಡಲೇ ಕಾಗೆಗಳು ಮೊಟ್ಟೆಗೆ ಇಳಿಯುತ್ತವೆ.