ಪಾರ್ಲರಿಗೆ ಬರುವ ಪ್ರತಿ ಡಬ್ಬಿಯ ಹಿಂಬದಿ ಓದುತ್ತೇನೆ

ವಿರಾಜಪೇಟೆಯ ನನ್ನ ಪಾರ್ಲರಿಗೆ ಹೊಸಬರು ಯಾರೇ ಫೋನ್ ಮಾಡಿದರೂ ಒಂದು ಮಾತು ಹೇಳಿಯೇ ಇಡುತ್ತೇನೆ: ಮುಖಕ್ಕೆ, ತಲೆಗೆ ಹಚ್ಚುವುದನ್ನೆಲ್ಲ ಒಂದು ಕವರಿಗೆ ಹಾಕಿ ತನ್ನಿ. "ನಾನೇನೂ ಹಚ್ಚಲ್ಲ ಅಕ್ಕಾ, ರಾತ್ರಿ ಒಂದು ಕ್ರೀಮ್ ಅಷ್ಟೆ" ಅನ್ನುವವರೇ ಜಾಸ್ತಿ. ನಾನು ನೋಡಬೇಕಾದ್ದು ಆ ಕ್ರೀಮನ್ನೇ.

ಡಬ್ಬಿ ಕೈಗೆ ಬಂದ ಕೂಡಲೇ ನಾನು ಪದಾರ್ಥಗಳ ಪಟ್ಟಿಗೆ ಹೋಗುವುದಿಲ್ಲ. ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ನೋಡುತ್ತೇನೆ. ಹೊರದೇಶದ್ದಾದರೆ ಆಮದು ಮಾಡಿಕೊಂಡವರ ವಿಳಾಸ, ನೋಂದಣಿ ಸಂಖ್ಯೆ ಇರಬೇಕು. 2020ರ ಸೌಂದರ್ಯವರ್ಧಕ ನಿಯಮಗಳು ಇವನ್ನು ಕಡ್ಡಾಯ ಮಾಡಿವೆ. ಸ್ವಂತ ವಿಳಾಸವನ್ನೇ ಬರೆಯದವರು ಪಟ್ಟಿಯಲ್ಲಿ ನಿಜ ಬರೆದಿರುತ್ತಾರೆಂದು ನಂಬುವುದು ಹೇಗೆ?

ಇಷ್ಟಿದ್ದರೆ ಆಮೇಲೆ ಪಟ್ಟಿ. ಅಕ್ಷರ ಎಷ್ಟು ಸಣ್ಣದೆಂದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕು. ಯಾವುದು ಹೆಚ್ಚು ಇದೆಯೋ ಅದು ಮೊದಲು. ಶೇಕಡ 1ಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಹಾಗಾಗಿ ಮುಂದುಗಡೆ ದೊಡ್ಡದಾಗಿ "ಕೇಸರಿ, ಲೋಳೆಸರ" ಎಂದಿದ್ದು ಪಟ್ಟಿಯಲ್ಲಿ ಅವು ಕೊನೆಗಿದ್ದರೆ, ಕೊಟ್ಟ ದುಡ್ಡು ಯಾವುದಕ್ಕೆ ಎಂದು ತಿಳಿಯುತ್ತದೆ. 30 ಗ್ರಾಂ ಅಥವಾ 60 ಮಿಲಿಗಿಂತ ಚಿಕ್ಕ ಪ್ಯಾಕಿಗೆ ಈ ಪಟ್ಟಿಯೇ ಬೇಕಿಲ್ಲ. ಎಸ್ಟೇಟಿನ ಕೆಲಸದವರ ಲೈನ್‌ಮನೆಗಳಲ್ಲಿ ಬಳಸುವುದು ಬಹುಪಾಲು ಸ್ಯಾಶೆಯೇ. ಓದಿ ತಿಳಿದುಕೊಳ್ಳುವ ಅವಕಾಶ ಅವರಿಗೇ ಇಲ್ಲದಂತಾಗಿರುವುದು ನನಗೆ ಸರಿ ಕಾಣುವುದಿಲ್ಲ.

ನಾನು ಅತಿ ಹೆಚ್ಚು ಹೆದರುವುದು ಪಾದರಸಕ್ಕೆ. ನಮ್ಮ ಕಡೆ ಗಲ್ಫಿನಲ್ಲಿ ದುಡಿಯುವವರಿರುವ ಮನೆಗಳು ಬಹಳ. ಊರಿಗೆ ಬರುವಾಗ ಅಕ್ಕತಂಗಿಯರಿಗೆಂದು ಬಿಳಿಯಾಗುವ ಕ್ರೀಮ್ ತರುತ್ತಾರೆ. ಈಗ ಆನ್‌ಲೈನಿನಲ್ಲೂ ಸಿಗುತ್ತದೆ. ಅಂಥದ್ದೊಂದು ಡಬ್ಬಿ ನನ್ನ ಮೇಜಿನ ಮೇಲೆ ಬಂದಿತ್ತು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮುತ್ತಿನ ಹೊಳಪಿನ ಗಟ್ಟಿ ಕ್ರೀಮ್. ಆಮದುದಾರರ ಹೆಸರಿಲ್ಲ, ಪದಾರ್ಥಗಳ ಪಟ್ಟಿ ಇಲ್ಲ. ಆದರೆ ಪೆಟ್ಟಿಗೆಯ ಒಂದು ಮಗ್ಗುಲಲ್ಲಿ ಒಂದು ಸಾಲು: ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ರಬ್ಬರ್‌ಗೆ ತಾಗಿಸಬೇಡಿ. ಮುಖದ ಕ್ರೀಮಿಗೆ ಚಿನ್ನದ ಭಯ ಯಾಕೆ? ಪಾದರಸ ಚಿನ್ನದೊಂದಿಗೆ ಬೆರೆತು ಅದನ್ನು ಹಾಳು ಮಾಡುತ್ತದೆ, ಅದಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಸೂಚನೆಯನ್ನು ಪಾದರಸದ ಸುಳಿವಾಗಿ ನೋಡಿ ಎನ್ನುತ್ತದೆ. ಪಟ್ಟಿ ಇದ್ದರೆ ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಹೆಸರುಗಳಲ್ಲಿ ಇರಬಹುದು.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನೇ ಪಾದರಸ ತಡೆಯುತ್ತದೆ. ಅದಕ್ಕೇ ಮುಖ ಬೇಗ ಬಿಳಿಚಿಕೊಳ್ಳುವುದು. ಚರ್ಮದಿಂದ ಒಳಗೆ ಹೋದದ್ದು ಕಿಡ್ನಿಯಲ್ಲಿ ಕೂರುತ್ತದೆ. ಗಡಿಯಾಚೆ ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಕಂಡ ಒಂದು ಬಗೆಯ ಕಿಡ್ನಿ ಕಾಯಿಲೆಯ ಹಿಂದೆ ಇಂಥ ಬಿಳಿಯಾಗುವ ಕ್ರೀಮುಗಳಿರುವುದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾರೆ. ನಮ್ಮ ದೇಶದ ನಿಯಮದಂತೆ ಕ್ರೀಮಿಗೆ ಬೇಕೆಂದೇ ಪಾದರಸ ಸೇರಿಸುವಂತಿಲ್ಲ. ಈಗ ಯಾರಾದರೂ "ಹೊಸ ಕ್ರೀಮಿನಿಂದ ಬೇಗ ಬೆಳ್ಳಗಾದೆ" ಎಂದರೆ, ಕಾಲು ಊದುತ್ತದೆಯಾ, ಮೂತ್ರದಲ್ಲಿ ನೊರೆ ಬರುತ್ತದೆಯಾ ಎಂದು ಕೇಳುತ್ತೇನೆ. ಹೌದೆಂದರೆ ಫೇಶಿಯಲ್ ಮಾಡುವುದಿಲ್ಲ, ಮೂತ್ರ ಪರೀಕ್ಷೆಗೆ ಕಳಿಸುತ್ತೇನೆ.

ಎರಡನೆಯದು ಸ್ಟೆರಾಯ್ಡ್, ಅಂದರೆ ತುರಿಕೆ, ಉರಿಯೂತ ತಗ್ಗಿಸುವ ಔಷಧಿ. ಅದಕ್ಕೂ ನಮ್ಮ ಮಳೆಗೂ ಸಂಬಂಧವಿದೆ. ಜೂನಿನಿಂದ ಬಟ್ಟೆ ಒಣಗುವುದಿಲ್ಲ, ತೋಟದಲ್ಲಿ ದಿನವಿಡೀ ಒದ್ದೆ ಬಟ್ಟೆ, ರಬ್ಬರ್ ಬೂಟು. ಹುಳುಕಡ್ಡಿ ಏಳುತ್ತದೆ. ಮೆಡಿಕಲ್ಸಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದರೆ ಎಷ್ಟೋ ಸಲ ಸಿಗುವುದು ಶಿಲೀಂಧ್ರದ ಮದ್ದಿನ ಜೊತೆ ಸ್ಟೆರಾಯ್ಡ್ ಬೆರೆಸಿದ ಕ್ರೀಮ್. ತುರಿಕೆ ಒಂದೆರಡು ದಿನದಲ್ಲೇ ತಗ್ಗುತ್ತದೆ, ಹುಳುಕಡ್ಡಿ ಒಳಗೊಳಗೇ ಹರಡುತ್ತದೆ. ಅದೇ ಟ್ಯೂಬ್ ಮನೆಯ ಹೆಣ್ಣುಮಕ್ಕಳ ಕೈಗೆ ಬಂದು ಮುಖದ ಬಂಗಿನ ಕಲೆಗೆ, ಮೊಡವೆಗೆ ಹಚ್ಚುವುದು ಶುರು. ಮೊದಮೊದಲು ಮುಖ ನುಣುಪು, ಹೊಳಪು. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಗಲ್ಲದಲ್ಲಿ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿ, ಬಿಟ್ಟರೆ ಮುಖವೆಲ್ಲ ಕೆಂಪು ಗುಳ್ಳೆ. ಹೆದರಿ ಮತ್ತೆ ಹಚ್ಚುತ್ತಾರೆ.

ಟ್ಯೂಬಿನಲ್ಲಿ ನಾನು ಹುಡುಕುವ ಹೆಸರುಗಳು ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್, ಬೆಕ್ಲೊಮೆಥಸೋನ್. ಹೈಡ್ರೊಕ್ವಿನೋನ್, ಟ್ರೆಟಿನೊಯಿನ್ ಜೊತೆಗೆ ಮೊಮೆಟಸೋನ್ ಸೇರಿದ ಕ್ರೀಮನ್ನಂತೂ ಬಹಳ ಜನ ಬ್ಯೂಟಿ ಕ್ರೀಮೆಂದೇ ತಿಳಿದಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟೆರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಟ್ಯೂಬಿನ ಮೇಲೆ ಕೆಂಪು ಗೆರೆ ಕಂಡರೆ ಅದು ಔಷಧಿ, ಬ್ಯೂಟಿ ಕ್ರೀಮ್ ಅಲ್ಲ ಎಂದು ತೋರಿಸಿಯೇ ಹೇಳುತ್ತೇನೆ. ಬಹಳ ದಿನ ಹಚ್ಚಿದವರಿಗೆ ನಾಳೆಯಿಂದ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಹೇಗೆ ಬಿಡಬೇಕೆಂದು ಚರ್ಮದ ಡಾಕ್ಟರೇ ಹೇಳಬೇಕು. ಟ್ಯೂಬನ್ನೂ ಜೊತೆಗೆ ಒಯ್ಯಿರಿ ಎನ್ನುತ್ತೇನೆ.

ಹೇರ್ ಡೈ ವಿಷಯದಲ್ಲಿ ಜಗಳವೇ ಆಗುವುದುಂಟು. ಕೊಡವ ಸಮಾಜದ ಕಟ್ಟಡದಲ್ಲಿ ನಾಳೆ ಮಗಳ ಮದುವೆ, ತಾಯಿ ಇವತ್ತು ಡೈ ಮಾಡಿಸಲು ಬರುತ್ತಾರೆ. ಕಪ್ಪು ಡೈಯಲ್ಲಿರುವ ಪ್ಯಾರಾ ಫಿನೈಲೀನ್‌ಡಯಾಮೀನ್ ಒಗ್ಗದವರಿಗೆ ತೊಂದರೆ ಕಾಣಿಸುವುದು ಹಚ್ಚಿದ ಗಳಿಗೆಯಲ್ಲಲ್ಲ, ಒಂದೆರಡು ದಿನ ಕಳೆದು. ಸರಿಯಾಗಿ ಮುಹೂರ್ತಕ್ಕೆ ಕಣ್ಣು ಮುಚ್ಚುವಷ್ಟು ಮುಖ ಊದಿರುತ್ತದೆ. ಮೊದಲು ಪರೀಕ್ಷೆ ಮಾಡಬೇಕು, ಹುಬ್ಬಿಗೆ ರೆಪ್ಪೆಗೆ ಹಚ್ಚಿದರೆ ಕುರುಡುತನ ಬರಬಹುದು ಎಂಬ ಎಚ್ಚರಿಕೆ ಡೈ ಪ್ಯಾಕಿನ ಮೇಲೆ ಇರಲೇಬೇಕೆಂದು ನಿಯಮವೇ ಇದೆ. ನಾನು ಮಾಡುವುದು ಹೀಗೆ: ಪ್ಯಾಕಿನಲ್ಲಿ ಹೇಳಿದಂತೆ ಚೂರು ಡೈ ಕಲಸಿ, ಇಯರ್ ಬಡ್‌ನಿಂದ ಕಿವಿಯ ಹಿಂದೆ ಬಟಾಣಿಗಿಂತ ಚಿಕ್ಕದಾಗಿ ಒತ್ತುತ್ತೇನೆ. 48 ಗಂಟೆ ಕಾಯಬೇಕು. ತುರಿಕೆ, ಗುಳ್ಳೆ, ಕೆಂಪು ಏನೇ ಕಂಡರೂ ಆ ಡೈ ಮುಟ್ಟುವುದಿಲ್ಲ. ಹಿಂದೆ ಒಗ್ಗಿದ್ದು ಈ ಸಲ ಒಗ್ಗದಿರಬಹುದು, ಅದಕ್ಕೆ ಪ್ರತಿ ಸಲವೂ ಪರೀಕ್ಷೆ.

"ಅಮೋನಿಯಾ ಇಲ್ಲ" ಎಂದು ಬರೆದಿದ್ದರೂ ಈ ರಾಸಾಯನಿಕ ಇರಬಹುದು. ಕಪ್ಪು ಮದರಂಗಿಯೂ ಅಷ್ಟೇ. ಮನೆಯ ಹಿತ್ತಲಿನ ಮದರಂಗಿ ಸೊಪ್ಪು ಕಿತ್ತಳೆಗೆಂಪು ಬಣ್ಣ ಕೊಡುತ್ತದೆ, ಕಪ್ಪು ಕೊಡುವುದಿಲ್ಲ. ಮಕ್ಕಳ ಕೈಗೆ ಕಪ್ಪು ಕೋನ್ ಹಾಕಿಸಿದರೆ, ಆಗ ಶುರುವಾದ ಅಲರ್ಜಿ ಮುಂದೆ ಜೀವನಪೂರ್ತಿ ಡೈಗೂ ಅಡ್ಡ ಬರುತ್ತದೆ.

ಕೂದಲು ನೇರ ಮಾಡುವ ಕೆರಾಟಿನ್ ಕೆಲಸವನ್ನು ನಾನು ಬಿಟ್ಟೇಬಿಟ್ಟೆ. ಬಿಸಿ ಐರನ್ ತಾಗಿದಾಗ ಹಲವು ದ್ರಾವಣಗಳಿಂದ ಫಾರ್ಮಾಲ್ಡಿಹೈಡ್ ಆವಿ ಏಳುತ್ತದೆ. ಅದು ಕ್ಯಾನ್ಸರ್ ತರುವಂಥದ್ದು. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಪುಟ್ಟ ಕೋಣೆಯಲ್ಲಿ ಗಿರಾಕಿಗಿಂತ ಜಾಸ್ತಿ ಅದನ್ನು ಉಸಿರಾಡುವವರು ನಾವು ಮತ್ತು ನಮ್ಮ ಕೆಲಸದ ಹುಡುಗಿಯರು.

ಹಾಗೆಂದು ಉದ್ದ ಹೆಸರು ಕಂಡದ್ದೆಲ್ಲ ವಿಷವಲ್ಲ. ಕ್ರೀಮ್ ಕೆಡದಂತೆ ಹಾಕುವ ಪ್ಯಾರಾಬೆನ್ ಎಂದರೆ ಈಗ ಎಲ್ಲರೂ ಬೆಚ್ಚುತ್ತಾರೆ. ಯುರೋಪು 2014ರಲ್ಲಿ ಅವುಗಳಲ್ಲಿ ಐದನ್ನು ನಿಷೇಧಿಸಿತು, ನಿಜ. ಆದರೆ ಮೀಥೈಲ್, ಈಥೈಲ್ ಪ್ಯಾರಾಬೆನ್‌ಗಳನ್ನು ಮಿತಿಯೊಳಗೆ ಬಳಸಲು ಬಿಟ್ಟಿದೆ. ಅಲರ್ಜಿ ಮಾಡುವುದರಲ್ಲಿ ಅವಕ್ಕಿಂತ ಕೆಡದಂತೆ ಹಾಕುವ ಇನ್ನೊಂದು ಪದಾರ್ಥ ಮೀಥೈಲ್‌ಐಸೋಥಯಜೋಲಿನೋನ್ ಮುಂದು, ಅದರ ಹೆಸರು ಯಾರಿಗೂ ಗೊತ್ತಿಲ್ಲ. ನೀರಿರುವ ಕ್ರೀಮಿಗೆ ಕೆಡದಂತೆ ಏನಾದರೂ ಹಾಕಲೇಬೇಕು, ನಮ್ಮ ಹವೆಯಲ್ಲಂತೂ ಬೂಸ್ಟು ಬರಲು ಎಷ್ಟು ಹೊತ್ತು? ಇನ್ನು ಮನೆಯದ್ದೆಲ್ಲ ಒಳ್ಳೆಯದೆಂಬುದೂ ಸುಳ್ಳು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಇಡೀ ದಿನ ನಿಲ್ಲುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಪಾದರಸದ ಅನುಮಾನವಿರುವ ಡಬ್ಬಿಯನ್ನು ಏನು ಮಾಡುವುದೆಂದು ಎಲ್ಲರೂ ಕೇಳುತ್ತಾರೆ. ಬಚ್ಚಲೊಲೆಗೆ ಮಾತ್ರ ಹಾಕಬೇಡಿ. ಸ್ನಾನದ ನೀರು ಕಾಯಿಸುವ ಬೆಂಕಿಗೆ ಕಸ ಎಸೆಯುವ ಅಭ್ಯಾಸ ನಮ್ಮೆಲ್ಲರ ಮನೆಯಲ್ಲೂ ಇದೆ. ಪಾದರಸ ಬಿಸಿಗೆ ಆವಿಯಾಗಿ ಮನೆಮಂದಿಯ ಉಸಿರಿಗೆ ಸೇರುತ್ತದೆ. ಮುಚ್ಚಳ ಬಿಗಿಮಾಡಿ, ಜಿಪ್ ಕವರಿನಲ್ಲಿ ಹಾಕಿ, ಮಕ್ಕಳಿಗೆ ಸಿಗದಂತಿಟ್ಟು, ಡಾಕ್ಟರಿಗೆ ತೋರಿಸಿದ ಮೇಲೆ ಅಪಾಯಕಾರಿ ಕಸವೆಂದು ಹೇಳಿಯೇ ಪಂಚಾಯಿತಿ ಅಥವಾ ಪುರಸಭೆಯ ಕಸದವರಿಗೆ ಕೊಡಿ. ಆ ಕ್ರೀಮ್ ತಾಗಿದ ತಲೆದಿಂಬಿನ ಕವರು, ಮುಖ ಒರೆಸುವ ಟವೆಲು ಮಕ್ಕಳ ಬಳಕೆಗೆ ಬೇಡ.